ಎಡಗೈಯ ಹೆಬ್ಬೆರಳು

೧೯೮೨ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ಕ್ಲಾಸಿನ ಪರೀಕ್ಷೆಯನ್ನೇನೋ ಬರೆದೆ, ಆದರೆ ರಿಸಲ್ಟ್ ನೋಡಲು ಶಾಲೆಯ ಕಡೆ ತಲೆ ಹಾಕಲಿಲ್ಲ. ಪಾಸಾಗಿದ್ದೆನೋ ಫೇಲಾಗಿದ್ದೆನೋ ಇವತ್ತಿಗೂ ಗೊತ್ತಿಲ್ಲ. ಯಾರಾದರೂ ಕೇಳಿದರೆ ಪಾಸು ಅಂತಲೇ ಹೇಳುತ್ತೇನೆ. ಆ ಬೇಸಿಗೆಯಲ್ಲೇ ಅಕ್ಕನ ಗಂಡ, ಅಂದರೆ ನನ್ನ ಭಾವ, ಯಡಿಯೂರು ಕೆರೆಯ ಹತ್ತಿರವಿದ್ದ ತಮ್ಮ ಸೆಲೂನಿಗೆ ನನ್ನನ್ನು ಕರೆದುಕೊಂಡು ಹೋಗಿ ಕೈಗೆ ಬ್ರಷ್ಷು ಕೊಟ್ಟರು. ಒಂದು ವರ್ಷ ಬರೀ ನೊರೆ ಬರಿಸಿದೆ. ಆಮೇಲೆ ಕತ್ತಿ ಕೊಟ್ಟರು.

ಭಾವನ ಕೈಯ ಶೇವಿಂಗ್ ಎಂದರೆ ಯಡಿಯೂರಿನಲ್ಲಿ ಹೆಸರಾಗಿತ್ತು. ಮೊದಲ ಸಲ ಕೂದಲು ಬೆಳೆದ ದಿಕ್ಕಿಗೆ, ಎರಡನೇ ಸಲ ಅದಕ್ಕೆ ಎದುರಾಗಿ. ಮುಗಿದ ಮೇಲೆ ಒಂದು ಚೂರು ಹತ್ತಿ ತೆಗೆದುಕೊಂಡು ಗಿರಾಕಿಯ ಕೆನ್ನೆಯ ಮೇಲೆ ಮೆಲ್ಲಗೆ ಎಳೆಯುತ್ತಿದ್ದರು. ಹತ್ತಿಯ ಒಂದು ಎಳೆಯೂ ಚರ್ಮಕ್ಕೆ ಸಿಕ್ಕಿಕೊಳ್ಳಬಾರದು. ಸಿಕ್ಕಿಕೊಂಡರೆ ಮತ್ತೆ ನೊರೆ, ಮತ್ತೆ ಕತ್ತಿ. ಕೊನೆಯಲ್ಲಿ ಪಟಿಕದ ಕಲ್ಲನ್ನು ನೀರಿಗೆ ಅದ್ದಿ ಮುಖಕ್ಕೆಲ್ಲ ಉಜ್ಜುವುದು. ಚುರ್ರೆಂದು ಉರಿಯುತ್ತಿತ್ತು. ಗಿರಾಕಿ ಕಣ್ಣು ಮುಚ್ಚಿ ಹಲ್ಲು ಕಚ್ಚಿದರೆ ಭಾವನ ಮುಖ ಅರಳುತ್ತಿತ್ತು.

‘ಉರಿ ಬಂತಾ ಸಾರ್? ಬಂದ್ರೆ ಕೆಲ್ಸ ಕ್ಲೀನಾಗಿದೆ ಅಂತ ಅರ್ಥ.’

ನಾನೂ ಹಾಗೇ ನಂಬಿದ್ದೆ. ನಮ್ಮ ಸೆಲೂನಿನಲ್ಲಿ ಉರಿಯೇ ಮಾರ್ಕು, ಹತ್ತಿಯೇ ಪರೀಕ್ಷೆ. ಈ ಪರೀಕ್ಷೆಯ ರಿಸಲ್ಟನ್ನು ಮಾತ್ರ ನಾನು ದಿನಾ ನೋಡುತ್ತಿದ್ದೆ, ದಿನಾ ಪಾಸಾಗುತ್ತಿದ್ದೆ.

ತೊಂಬತ್ತರ ದಶಕ ಶುರುವಾದಾಗ ಜಯನಗರದ ಒಂದು ನರ್ಸಿಂಗ್ ಹೋಮಿನವರು ನನ್ನನ್ನು ಹುಡುಕಿಕೊಂಡು ಬಂದರು. ಇಪ್ಪತ್ತು ಹಾಸಿಗೆಯ ಸಣ್ಣ ಆಸ್ಪತ್ರೆ. ಆಪರೇಷನ್ನಿಗೆ ಮೊದಲು ಗಂಡಸರ ಮೈಕೂದಲು ತೆಗೆಯಲು ಕೈ ಪಳಗಿದವನೊಬ್ಬ ಬೇಕಾಗಿತ್ತು. ಮಂಗಳವಾರ ಮತ್ತು ಶುಕ್ರವಾರ ಅಲ್ಲಿ ಆಪರೇಷನ್. ಹಿಂದಿನ ಸಂಜೆ ಆರು ಗಂಟೆಗೆ ನಾನು ಸೆಲೂನಿನ ಸಾಮಾನನ್ನೇ ಒಂದು ರೆಕ್ಸಿನ್ ಚೀಲಕ್ಕೆ ತುಂಬಿಕೊಂಡು ಸೈಕಲ್ ತುಳಿಯುತ್ತಿದ್ದೆ. ಹರ್ನಿಯಾ ಅಂದರೆ ಹೊಟ್ಟೆಯಿಂದ ತೊಡೆಯವರೆಗೆ, ಅಪೆಂಡಿಕ್ಸ್ ಅಂದರೆ ಹೊಟ್ಟೆ ಪೂರ್ತಿ. ಪೇಶಂಟುಗಳು ನಾಚಿಕೊಳ್ಳುತ್ತಿದ್ದರು. ಅವರನ್ನು ಮಾತಿಗೆಳೆದು, ಕ್ರಿಕೆಟ್ಟು, ರಾಜಕೀಯ ಏನಾದರೂ ತೆಗೆದು, ಅವರಿಗೆ ಗೊತ್ತಾಗುವಷ್ಟರಲ್ಲಿ ಮುಗಿಸಿಬಿಡುತ್ತಿದ್ದೆ. ಒಮ್ಮೆ ಸರ್ಜನ್ ಡಾಕ್ಟರು ಥಿಯೇಟರಿನಲ್ಲಿ ಒಬ್ಬರ ಹೊಟ್ಟೆ ನೋಡಿ, ‘ಯಾರಪ್ಪ ಇದು, ಗಾಜಿನ ಹಾಗೆ ಮಾಡಿದ್ದಾನೆ’ ಅಂದರಂತೆ. ಆಯಾ ಬಂದು ಹೇಳಿದಳು. ಆ ಒಂದು ಮಾತನ್ನು ನಾನು ಐದು ವರ್ಷ ತಲೆಯ ಮೇಲೆ ಹೊತ್ತು ತಿರುಗಿದೆ.

೧೯೯೬ರಲ್ಲಿ ಭಾವನಿಗೇ ಹರ್ನಿಯಾ ಎಂದು ಗೊತ್ತಾಯಿತು. ಕಟಿಂಗ್ ಮಾಡುತ್ತಾ ಮಾಡುತ್ತಾ ಒಂದು ಕೈಯಲ್ಲಿ ಕಿಬ್ಬೊಟ್ಟೆ ಒತ್ತಿ ಹಿಡಿದುಕೊಳ್ಳುತ್ತಿದ್ದರು. ಬೆಲ್ಟು ಕಟ್ಟಿಕೊಂಡು ಎರಡು ವರ್ಷ ತಳ್ಳಿದ್ದರು. ಜೊತೆಗೆ ಸಕ್ಕರೆ ಕಾಯಿಲೆ. ಕಾಲಿಗೆ ಒಂದು ಚಪ್ಪಲಿ ಕಚ್ಚಿದರೂ ಆ ಗಾಯ ತಿಂಗಳುಗಟ್ಟಲೆ ಒಣಗುತ್ತಿರಲಿಲ್ಲ. ಡಾಕ್ಟರು, ‘ಇನ್ನು ಬಿಡೋ ಹಾಗಿಲ್ಲ, ಕರುಳು ಸಿಕ್ಕಿಕೊಂಡರೆ ಕಷ್ಟ’ ಅಂದರು. ದೀಪಾವಳಿಯ ಮುಂಚಿನ ವಾರಗಳಲ್ಲಿ ಸೆಲೂನಿನಲ್ಲಿ ಕೂರಲು ಜಾಗವಿರುವುದಿಲ್ಲ, ಹಬ್ಬ ಕಳೆದ ಮೇಲೆ ಮಾಡಿಸಿಕೊಳ್ಳುತ್ತೇನೆ ಎಂದು ಭಾವ ಒಪ್ಪಿದರು. ನಾನು ಹೋಗುತ್ತಿದ್ದ ನರ್ಸಿಂಗ್ ಹೋಮಿನಲ್ಲೇ, ನಾನು ಕಂಡ ಡಾಕ್ಟರ ಕೈಯಲ್ಲೇ. ಅಕ್ಕ ಮಾತ್ರ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದಳು, ‘ಕುಯ್ದ ಜಾಗ ಒಣಗುತ್ತೇನೋ?’

‘ಒಣಗದೆ ಏನಕ್ಕಾ. ನಾನಿಲ್ವಾ ಅಲ್ಲಿ’ ಎಂದೆ.

ಅದೇ ತಿಂಗಳು ನರ್ಸಿಂಗ್ ಹೋಮಿನಲ್ಲಿ ಒಂದರ ಹಿಂದೆ ಒಂದು ಮೂರು ಗಾಯಗಳು ನಂಜಾದವು. ಮೊದಲು ರಿಟೈರಾದ ಒಬ್ಬ ಬ್ಯಾಂಕಿನವರು, ಆಮೇಲೆ ಒಬ್ಬ ಆಟೋ ಡ್ರೈವರು, ಆಮೇಲೆ ವಿಲ್ಸನ್ ಗಾರ್ಡನ್ನಿನ ಒಬ್ಬ ದಿನಸಿ ಅಂಗಡಿಯವರು. ಮೂವರದೂ ಹರ್ನಿಯಾ. ನಾಲ್ಕನೇ ದಿನಕ್ಕೆ ಹೊಲಿಗೆಯ ಸುತ್ತ ಕೆಂಪಾಗಿ, ಐದನೇ ದಿನಕ್ಕೆ ಕೀವು. ಮೂರು ದಿನಕ್ಕೆ ಮನೆಗೆ ಹೋಗಬೇಕಾದವರು ಮೂರು ವಾರ ಮಲಗಿದರು.

ಆಗ ಅಲ್ಲಿ ಹೆಡ್ ಸಿಸ್ಟರ್ ಆಗಿದ್ದವರು ಗದಗದ ಕಡೆಯವರು. ಗಂಡನಿಗೆ ಬೆಂಗಳೂರಿಗೆ ವರ್ಗವಾಗಿ, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದರು. ಬಂದು ವರ್ಷವೂ ಆಗಿರಲಿಲ್ಲ. ದಪ್ಪ ಧ್ವನಿ, ಬಿರುಸಾದ ನಡಿಗೆ. ಮೂರನೇ ಗಾಯ ಕೀವಾದ ದಿನ ಅವರು ಇಡೀ ನರ್ಸಿಂಗ್ ಹೋಮನ್ನು ಮೊರದಲ್ಲಿ ಹಾಕಿ ಕೇರಿದ ಹಾಗೆ ಕೇರಿದರು. ಡ್ರೆಸ್ಸಿಂಗಿನ ಹತ್ತಿ ಬೇಯಿಸುವ ಡ್ರಮ್ಮನ್ನು ಪಕ್ಕ ನಿಂತು ಕಾಯಿಸಿದರು. ಡ್ರೆಸ್ಸಿಂಗ್ ಮಾಡುವ ವರಸೆಯನ್ನೇ ಬದಲಿಸಿದರು: ಒಣಗಿದ ಗಾಯ ಮೊದಲು, ಕೀವಿನ ಗಾಯ ಕೊನೆಗೆ, ಕೀವಿನದಕ್ಕೆ ಟ್ರೇಯೇ ಬೇರೆ. ಒಂದು ಹಾಸಿಗೆಯಿಂದ ಇನ್ನೊಂದು ಹಾಸಿಗೆಗೆ ಹೋಗುವ ನಡುವೆ ಕೈ ತೊಳೆಯದ ನರ್ಸಿಗೆ ಎಲ್ಲರೆದುರೇ ಬೈಗುಳ. ಇದನ್ನೆಲ್ಲ ನಾನು ಕಾರಿಡಾರಿನಲ್ಲಿ ನಿಂತು ತಮಾಷೆ ನೋಡಿದ ಹಾಗೆ ನೋಡುತ್ತಿದ್ದೆ. ನನಗೂ ಇದಕ್ಕೂ ಏನು ಸಂಬಂಧ?

ಆ ಗುರುವಾರ ಸಂಜೆ ಅವರು ನನ್ನನ್ನು ಡ್ಯೂಟಿ ರೂಮಿಗೆ ಕರೆದರು.

‘ಬಾರೋ ತಮ್ಮಾ. ಕೈ ತೊಳ್ಕೊಂಡಿಯೇನ್?’

‘ತೊಳ್ಕೊಂಡೇ ಬಂದೆ ಸಿಸ್ಟರ್. ನಮ್ ಕೆಲ್ಸಾನೇ ನೀರಿನ ಕೆಲ್ಸ, ದಿನಾ ನೂರ್ ಸಲ ತೊಳೀತೀವಿ.’

‘ಹೌದ? ತೋರ್ಸು.’

ದೇವರ ಫೋಟೋದ ಮುಂದಿದ್ದ ಕುಂಕುಮವನ್ನು ಒಂದು ಚಮಚ ತೆಗೆದು, ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ನನ್ನ ಎರಡೂ ಕೈಗೆ ಮಣಿಕಟ್ಟಿನವರೆಗೆ ಬಳಿದರು. ನರ್ಸುಗಳು ಬಾಗಿಲಲ್ಲಿ ನಿಂತು ನಗುತ್ತಿದ್ದರು. ‘ಈಗ ಕಣ್ಣ್ ಮುಚ್ಕೊಂಡು ಸೋಪ್ ಹಚ್ಚಿ ತೊಳಿ. ಸ್ವಚ್ಛ ಆತು ಅಂತ ನಿನಗ ಅನಿಸಿದಾಗ ಕಣ್ಣ್ ತಗಿ.’

ನಾನು ಬಿಗುಮಾನದಿಂದಲೇ ತೊಳೆದೆ. ಚೆನ್ನಾಗಿ ಉಜ್ಜಿದೆ. ಕಣ್ಣು ತೆರೆದು ನೋಡಿದರೆ ಅಂಗೈಗಳೆರಡೂ ಸ್ವಚ್ಛ. ಆದರೆ ಉಗುರ ಸಂದಿಯಲ್ಲಿ ಕೆಂಪು. ಬೆರಳ ಸಂದಿಯಲ್ಲಿ ಕೆಂಪು. ಎಡಗೈಯ ಹೆಬ್ಬೆರಳಂತೂ ಬುಡದಿಂದ ತುದಿಯವರೆಗೆ ಹಾಗೇ ಕೆಂಪಗೆ ನಿಂತಿತ್ತು, ನೀರೇ ಮುಟ್ಟಿಲ್ಲವೇನೋ ಅನ್ನುವ ಹಾಗೆ.

ಸಿಸ್ಟರ್ ಆ ಹೆಬ್ಬೆರಳನ್ನು ಹಿಡಿದು ಎತ್ತಿದರು. ‘ಇದರಿಂದ ಏನ್ ಮಾಡ್ತಿ ನೀ, ಶೇವ್ ಮಾಡೂ ಮುಂದ?’

ನಮ್ಮ ಕೆಲಸದಲ್ಲಿ ಬಲಗೈಗೆ ಕತ್ತಿ, ಎಡಗೈಯ ಹೆಬ್ಬೆರಳಿಗೆ ಚರ್ಮ. ಆ ಬೆರಳಿನಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದರೇನೇ ಕತ್ತಿ ಓಡುವುದು. ದಿನಕ್ಕೆ ಮೂವತ್ತು ನಲವತ್ತು ಮುಖಗಳನ್ನು ಆ ಬೆರಳು ಮುಟ್ಟುತ್ತಿತ್ತು. ಆಮೇಲೆ ಸಂಜೆ ಇಲ್ಲಿ ಬಂದು ಆಪರೇಷನ್ನಿನ ಹೊಟ್ಟೆಯನ್ನು.

‘ಇನ್ನೊಂದು ಕೇಳ್ತೀನಿ’ ಅಂದರು. ‘ಕೀವಾದ ಮೂರೂ ಮಂದಿಗೆ ಹಿಂದಿನ ದಿನ ನೀ ಶೇವ್ ಮಾಡಿದ್ದಿ. ನಡುವ ಎರಡು ಅಪೆಂಡಿಕ್ಸ್ ಬಂದ್ವು, ಅವಸರದಾಗ ನಿನ್ನ ಕರಸಾಕ ಆಗ್ಲಿಲ್ಲ. ಆಯಾ ಕತ್ತರೀಲೆ ಕೂದಲ ಕತ್ತರಿಸಿದ್ಲು. ಅವೆರಡೂ ಗಾಯ ಒಣಗಿ ಮನಿಗೆ ಹೋದ್ವು. ಯಾಕ?’

‘ನನ್ ಕೈ ಗಲೀಜು ಅಂತೀರಾ ಸಿಸ್ಟರ್? ಡಾಕ್ಟ್ರನ್ನ ಕೇಳಿ. ಗಾಜಿನ ಥರ ಮಾಡ್ತೀನಿ ನಾನು.’

‘ಗಾಜಿನಂಗ ಮಾಡೋದ ತಪ್ಪು ಅಂತ ನನಗ ಸಂಶಯ. ನಿಂದs ಕೈ ಮ್ಯಾಲ ನೋಡೂಣು.’

ನನ್ನ ಕೈಯಿಂದಲೇ ನನ್ನ ಎಡ ಮುಂಗೈಯನ್ನು ಶೇವ್ ಮಾಡಿಸಿದರು. ಅರ್ಧ ಭಾಗ ಕತ್ತಿಯಲ್ಲಿ, ಎರಡು ಸಲ, ನಮ್ಮ ಪದ್ಧತಿಯಂತೆ. ಇನ್ನರ್ಧ, ತಲೆಗೂದಲು ಸಣ್ಣಗೆ ಮಾಡುವ ಕೈ ಮಷೀನಿನಲ್ಲಿ. ಆಮೇಲೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಪೂರ್ತಿ ಕೈಗೆ ಒರೆಸಿದರು. ಮಷೀನಿನ ಕಡೆ ತಣ್ಣಗಾಯಿತು, ಅಷ್ಟೇ. ಕತ್ತಿಯ ಕಡೆ ಚುರ್ರೆಂದಿತು.

‘ಉರೀತೇನ್?’

‘ಉರೀಬೇಕಲ್ವಾ ಸಿಸ್ಟರ್. ಉರಿದ್ರೇನೇ ಕ್ಲೀನು.’

ಅವರು ನಗಲಿಲ್ಲ. ‘ಗಟ್ಟಿ ಚರ್ಮ ಸ್ಪಿರಿಟ್ಟಿಗೆ ಉರಿಯಂಗಿಲ್ಲೋ ತಮ್ಮಾ. ಉರೀತು ಅಂದ್ರ ಅಲ್ಲೆಲ್ಲಾ ಚರ್ಮ ಹರದೈತಿ. ಕಣ್ಣಿಗೆ ಕಾಣದಂಥಾ ಸಣ್ಣ ಸಣ್ಣ ಗಾಯ. ರಾತ್ರಿಯೆಲ್ಲಾ ಅದರಾಗ ಹೊಲಸು ಬೆಳೀತೈತಿ, ಮುಂಜಾನೆ ಡಾಕ್ಟ್ರು ಅದರ ಮ್ಯಾಲs ಕುಯ್ತಾರ. ನಿನ್ನೊಬ್ಬನದs ತಪ್ಪು ಅಂತ ನಾ ಅನ್ನಂಗಿಲ್ಲ. ಗಾಯ ಕೆಡಾಕ ಹತ್ತು ದಾರಿ ಅದಾವು. ಒಂದೊಂದs ಮುಚ್ಚಬೇಕು. ಇನ್ ಮ್ಯಾಲ ಕತ್ತಿ ಬ್ಯಾಡ. ಮಷೀನ್ ಸಾಕು.’

ಮಷೀನು! ಮಷೀನು ಹಿಡಿಯುವುದು ನಮ್ಮಲ್ಲಿ ಕಲಿಯಲು ಬಂದವರ ಕೆಲಸ. ಹದಿಮೂರು ವರ್ಷ ಕತ್ತಿ ಹಿಡಿದವನಿಗೆ ಮಷೀನು ಹಿಡಿ ಅನ್ನುವುದು, ಮೇಷ್ಟರನ್ನು ಒಂದನೇ ಕ್ಲಾಸಿನಲ್ಲಿ ಕೂರಿಸಿದ ಹಾಗೆ. ‘ಅದಕ್ಕೆ ನಾನ್ಯಾಕೆ ಸಿಸ್ಟರ್, ನಿಮ್ಮ ಆಯಾನೇ ಸಾಕು’ ಎಂದು ಚೀಲ ಹೆಗಲಿಗೇರಿಸಿ ಹೊರಟುಬಿಟ್ಟೆ.

ಭಾವನಿಗೆ ಹೇಳಿದೆ. ಅವರಿಗೆ ನನಗಿಂತ ಹೆಚ್ಚು ಸಿಟ್ಟು ಬಂತು. ‘ನಮ್ಮಪ್ಪನ ಕಾಲ್ದಿಂದ ಇದೇ ಕತ್ತಿ, ಇದೇ ಪಟಿಕ. ಯಾರ್ ಮುಖ ಕೊಳ್ತೋಗಿದೆ ಕೇಳು ಅವ್ಳನ್ನ! ನನ್ ಆಪರೇಷನ್‌ಗೆ ನೀನೇ ಶೇವ್ ಮಾಡು. ಕತ್ತೀಲೇ. ಇಲ್ಲೇ, ನಮ್ ಕುರ್ಚೀಲೇ ಮಾಡಿಸ್ಕೊಂಡು ಹೋಗ್ತೀನಿ. ಯಾವ ಸಿಸ್ಟರ್ ಏನ್ ಹೇಳ್ತಾಳೆ ನೋಡ್ತೀನಿ.’

ಮಾರನೇ ದಿನ ಬೆಳಿಗ್ಗೆ ಸೆಲೂನಿನ ಬಾಗಿಲಲ್ಲಿ ಬಿಸಿಲಿಗೆ ಕೈಯೊಡ್ಡಿ ನಿಂತಿದ್ದೆ. ಮುಂಗೈಯ ಅರ್ಧ ಭಾಗದಲ್ಲಿ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ಕೆಂಪು ಚುಕ್ಕೆಗಳು ಎದ್ದಿದ್ದವು. ಇನ್ನರ್ಧ ಹೇಗಿತ್ತೋ ಹಾಗೇ ಇತ್ತು. ಮಡಚಿದ್ದ ಶರ್ಟಿನ ತೋಳನ್ನು ಕೆಳಗಿಳಿಸಿ ಗುಂಡಿ ಹಾಕಿಕೊಂಡೆ. ಭಾವ ನೋಡಬಾರದು ಅಂತ.

ಆ ದಿನ ಹನ್ನೊಂದರ ಸುಮಾರಿಗೆ ನಮ್ಮ ಹಳೆಯ ಗಿರಾಕಿಯೊಬ್ಬ ಬಂದ. ಕತ್ತಿನ ಮೇಲೆ ಎರಡು ಕುರು ಎದ್ದಿದ್ದವು, ಒಂದು ಒಡೆದಿತ್ತು. ನಾವು ಯಾರನ್ನೂ ವಾಪಸ್ ಕಳಿಸಿದವರಲ್ಲ. ಕುರುವಿನ ಸುತ್ತ ಹುಷಾರಾಗಿ ಕತ್ತಿ ಓಡಿಸಿದೆ, ಎಡ ಹೆಬ್ಬೆರಳಿನಿಂದ ಚರ್ಮ ಎಳೆದೆ, ಕೊನೆಗೆ ಪಟಿಕ ಉಜ್ಜಿದೆ. ಅವನು ಎದ್ದ, ಮುಂದಿನವನು ಕೂತ. ಕಾಲೇಜು ಓದುವವನು, ಹಸುಗೂಸಿನಂಥ ಕೆನ್ನೆ. ಬ್ಲೇಡನ್ನೇನೋ ಬದಲಿಸಿದೆ, ಅದನ್ನು ನಾವು ಯಾವತ್ತೂ ತಪ್ಪಿಸುತ್ತಿರಲಿಲ್ಲ, ಏಡ್ಸಿನ ಭಯ ಆಗ ಎಲ್ಲರಿಗೂ ಇತ್ತು. ಶೇವ್ ಮುಗಿಸಿ ಪಟಿಕಕ್ಕೆ ಕೈ ಹಾಕಿದೆ. ಕಲ್ಲಿನ ಮೇಲೆ ಹಿಂದಿನವನ ಕತ್ತಿನ ಒಂದು ಸಣ್ಣ ಕೂದಲು ಅಂಟಿತ್ತು.

ಅದೇ ಕಲ್ಲು. ಅದೇ ಬಟ್ಟಲಿನ ನೀರು. ಸೋಮವಾರ, ಗುರುವಾರದ ಸಂಜೆಗಳಲ್ಲಿ ಇದೇ ಕಲ್ಲು ನನ್ನ ಚೀಲದಲ್ಲಿ ಕೂತು ಜಯನಗರಕ್ಕೆ ಹೋಗುತ್ತಿತ್ತು. ಬ್ಲೇಡು ಬದಲಿಸಿ ನಾವು ಒಂದು ಬಾಗಿಲು ಹಾಕಿದ್ದೆವು. ಪಕ್ಕದ ಬಾಗಿಲನ್ನು ಹಾಗೇ ಬಿಟ್ಟಿದ್ದೆವು. ಅಷ್ಟೇ ಅಲ್ಲ, ಆ ಬಾಗಿಲನ್ನೇ ಔಷಧಿ ಅಂದುಕೊಂಡಿದ್ದೆವು.

‘ಏನ್ ಗುರು, ನಿಂತೇಬಿಟ್ರಿ? ಪಟಿಕ ಉಜ್ಜಲ್ವಾ?’ ಅಂದ ಆ ಹುಡುಗ.

‘ಇವತ್ತು ಬೇಡ’ ಎಂದೆ. ಆ ಮಧ್ಯಾಹ್ನ ಊಟಕ್ಕೆ ಹೋಗದೆ ಸೈಕಲ್ಲನ್ನು ಜಯನಗರಕ್ಕೆ ತಿರುಗಿಸಿದೆ.

ಸಿಸ್ಟರ್ ಡ್ಯೂಟಿ ರೂಮಿನ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದರು. ಮೊದಲ ಸಲ ನಾನು ಅವರ ಕೈಯನ್ನು ಸರಿಯಾಗಿ ನೋಡಿದೆ. ಬೋಳು ಕೈ. ಅವರು ಸೇರಿದಾಗ ಎರಡೂ ಕೈ ತುಂಬ ಹಸಿರು ಗಾಜಿನ ಬಳೆಗಳಿದ್ದವು, ಅದು ನನಗೆ ಚೆನ್ನಾಗಿ ನೆನಪಿತ್ತು. ಈಗ ಆ ಬಳೆಗಳು ದೇವರ ಫೋಟೋದ ಕೆಳಗೆ ಒಂದು ಸ್ಟೀಲ್ ಡಬ್ಬಿಯಲ್ಲಿದ್ದವು. ನಾನು ನೋಡುವುದನ್ನು ಅವರು ನೋಡಿದರು.

‘ಮೊದಲನೇ ಗಾಯ ಕೆಟ್ಟ ದಿನಾನs ತಗದಿಟ್ಟೆ. ಬಳಿ ಇದ್ರ ಮಣಿಕಟ್ಟು ತೊಳ್ಯಾಕ ಆಗಂಗಿಲ್ಲ. ನಮ್ಮತ್ತಿಗೆ ಗೊತ್ತಾತು ಅಂದ್ರ ಮನಿ ಹೊರಗ ಹಾಕ್ತಾಳ!’ ಈಗ ನಕ್ಕರು. ‘ನನ್ನ ಗಂಡ ಗಟ್ಟಿ ಅದಾನ. ಎಂಟ್ ತಾಸು ಬಳಿ ತಗದ್ರ ಅಂವಗೇನೂ ಆಗಂಗಿಲ್ಲ. ತಗೀದಿದ್ರ ಪೇಶಂಟಿಗೆ ಆಗ್ತೈತಿ.’

ನಾನು ಶರ್ಟಿನ ತೋಳು ಮಡಚಿ ಮುಂಗೈ ತೋರಿಸಿದೆ. ಅವರು ‘ನಾ ಹೇಳಿದ್ನಿಲ್ಲೋ’ ಅನ್ನಲಿಲ್ಲ. ಒಂದು ಸ್ಟೂಲು ಎಳೆದುಕೊಟ್ಟು, ‘ನಿನ್ನ ಮಷೀನ್ ತಂದೀಯೇನ್?’ ಅಂದರು.

ಅವತ್ತಿನಿಂದ ಎರಡು ವಾರ ನಾನು ಮತ್ತೆ ಕಲಿಯಲು ಕೂತೆ. ಉಗುರು ಬುಡಕ್ಕೆ ಕತ್ತರಿಸಬೇಕು. ಕೈ ತೊಳೆಯುವಾಗ ಒಂದು ಹೆಬ್ಬೆರಳನ್ನು ಇನ್ನೊಂದು ಮುಷ್ಟಿಯಲ್ಲಿ ಹಿಡಿದು ತಿರುಗಿಸಬೇಕು. ನಲ್ಲಿಯನ್ನು ಮೊಣಕೈಯಲ್ಲಿ ನಿಲ್ಲಿಸಬೇಕು, ಇಲ್ಲದಿದ್ದರೆ ತೊಳೆದ ಕೈ ಮತ್ತೆ ಅಲ್ಲೇ ಕೊಳೆಯಾಗುತ್ತದೆ. ಒಬ್ಬರಿಗೆ ಹಾಸಿದ ಬಟ್ಟೆ ಇನ್ನೊಬ್ಬರಿಗಿಲ್ಲ. ಹಿಂದಿನ ಸಂಜೆ ಮಾಡುವುದೂ ಇಲ್ಲ, ಆಪರೇಷನ್ನಿನ ದಿನ ಬೆಳಿಗ್ಗೆಯೇ ಬರಬೇಕು, ಕುಯ್ಯುವ ಜಾಗದಲ್ಲಿ ಅಡ್ಡ ಬರುವಷ್ಟು ಕೂದಲು ಮಾತ್ರ ತೆಗೆಯಬೇಕು. ಮಷೀನನ್ನು ಪ್ರತಿ ಪೇಶಂಟಿಗೂ ಇಪ್ಪತ್ತು ನಿಮಿಷ ಕುದಿಸಬೇಕು.

ಈ ಕುದಿಸುವ ವಿಷಯದಲ್ಲಿ ನಾನೂ ಅವರಿಗೆ ಒಂದು ಕಲಿಸಿದೆ, ಇದನ್ನು ಹೇಳದೆ ಇರಲಾರೆ. ಅವರು ಮಷೀನನ್ನು ಇಡಿಯಾಗಿ ಕುದಿಯುವ ನೀರಿಗೆ ಹಾಕಲು ಹೊರಟಿದ್ದರು. ‘ತಾಳಿ ಸಿಸ್ಟರ್’ ಎಂದು ನಾನು ತಿರುಪು ಬಿಚ್ಚಿ ಮಷೀನಿನ ಎರಡು ಹಲ್ಲುಪಟ್ಟಿಗಳನ್ನು ಬೇರೆ ಮಾಡಿ ತೋರಿಸಿದೆ. ನಡುವೆ ಹಿಟ್ಟಿನ ಹಾಗೆ ಕೂದಲ ಪುಡಿ, ಎಣ್ಣೆ ಜಿಡ್ಡು. ಹೊರಗಿನಿಂದ ಎಷ್ಟು ಕುದಿಸಿದರೂ ಬಿಸಿನೀರು ಅದನ್ನು ದಾಟಿ ಒಳಗೆ ಹೋಗುವುದಿಲ್ಲ. ಮೊದಲು ಬಿಚ್ಚಬೇಕು, ಸೋಪು ಹಾಕಿ ಬ್ರಷ್ಷಿನಲ್ಲಿ ಉಜ್ಜಬೇಕು, ಆಮೇಲೆ ಕುದಿಸಬೇಕು. ಸಿಸ್ಟರ್ ಆ ಹಲ್ಲುಪಟ್ಟಿಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

‘ಇದನ್ನ ನನಗ ಯಾರೂ ಹೇಳಿರ್ಲಿಲ್ಲ’ ಅಂದರು. ಅವತ್ತೇ ಎಲ್ಲ ನರ್ಸುಗಳನ್ನೂ ಕರೆದು, ನನ್ನ ಕೈಯಿಂದಲೇ ಬಿಚ್ಚಿಸಿ ತೋರಿಸಿದರು. ಓದಿದವರು ಆರು ಜನ ಸುತ್ತ ನಿಂತಿದ್ದರು. ನಾನು ಒಬ್ಬ ಮಧ್ಯೆ.

ದೀಪಾವಳಿ ಮುಗಿಯಿತು. ಭಾವ ಸೋಮವಾರ ಸಂಜೆ ಅಡ್ಮಿಟ್ ಆಗಬೇಕಿತ್ತು. ಮಧ್ಯಾಹ್ನವೇ ಸೆಲೂನಿನ ಕುರ್ಚಿಯಲ್ಲಿ ಕೂತು ಟವೆಲ್ಲು ಹೊದ್ದುಕೊಂಡು, ‘ಬಾಗ್ಲು ಹಾಕು, ಶುರು ಮಾಡು’ ಅಂದರು.

‘ನಾಳೆ ಬೆಳಿಗ್ಗೆ ಮಾಡ್ತೀನಿ ಭಾವ. ಆಸ್ಪತ್ರೇಲಿ.’

‘ಕತ್ತೀಲಿ ತಾನೇ?’

‘ಮಷೀನಲ್ಲಿ.’

ಕನ್ನಡಿಯಲ್ಲೇ ನನ್ನನ್ನು ನೋಡಿದರು. ‘ನನ್ ಕೈಲಿ ಕಲ್ತು ನನ್ ಮೇಲೇ ಮಷೀನ್ ಹಿಡೀತೀಯಾ? ಆ ಸಿಸ್ಟರ್ ಏನ್ ಮದ್ದು ಹಾಕಿದ್ಲೋ ನಿಂಗೆ!’

‘ಕತ್ತೀಲೇ ಬೇಕು ಅಂದ್ರೆ ಬೇರೆಯವ್ರ ಹತ್ರ ಮಾಡಿಸ್ಕೊಳ್ಳಿ. ನಾನ್ ಮಾಡಲ್ಲ. ಅಕ್ಕಂಗೆ ಮಾತು ಕೊಟ್ಟಿದೀನಿ.’

ಅವರಿಗೆ ಎದುರಾಡಿದ್ದು ಅದೇ ಮೊದಲು. ಟವೆಲ್ಲು ಕಿತ್ತೆಸೆದು ಎದ್ದು ಹೋದರು. ಸಂಜೆ ಅಡ್ಮಿಟ್ ಆದಾಗಲೂ ನನ್ನ ಹತ್ತಿರ ಮಾತಿಲ್ಲ, ಎಲ್ಲವನ್ನೂ ಅಕ್ಕನ ಮೂಲಕವೇ ಹೇಳಿಸಿದರು. ಆದರೆ ಬೇರೆಯವರ ಹತ್ತಿರವೂ ಹೋಗಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಆರಕ್ಕೆ ಹೋದೆ. ಮಷೀನು ಬಿಚ್ಚಿ, ಉಜ್ಜಿ, ಕುದಿಸಿ, ಒಣಗಿಸಿ ಕೂಡಿಸಿದೆ. ಕೈ ತೊಳೆದೆ, ಹೆಬ್ಬೆರಳನ್ನು ಎರಡು ಸಲ. ಸಿಸ್ಟರ್ ಪರದೆಯ ಪಕ್ಕ ನಿಂತು ಬೇರೆ ಏನೋ ಕೆಲಸ ಮಾಡುವವರ ಹಾಗೆ ನೋಡುತ್ತಿದ್ದರು. ನಾನು ಮೂರು ನಿಮಿಷದಲ್ಲಿ ಮುಗಿಸಿದೆ. ಭಾವ ತಲೆದಿಂಬಿನ ಕೆಳಗೆ ಕೈ ಹಾಕಿ ಒಂದು ಚೂರು ಹತ್ತಿ ತೆಗೆದರು. ಸೆಲೂನಿನಿಂದಲೇ ಮಡಚಿ ತಂದಿದ್ದರು! ತಮ್ಮ ಹೊಟ್ಟೆಯ ಮೇಲೆ ತಾವೇ ಎಳೆದರು. ಹತ್ತಿ ಎಳೆ ಎಳೆಯಾಗಿ ಸಿಕ್ಕಿಕೊಂಡಿತು.

‘ನೋಡು. ಇದೇನೋ ಕೆಲ್ಸ? ನಾಚ್ಕೆ ಆಗಲ್ವಾ?’

‘ನಿಮ್ ಹೊಟ್ಟೆ ಮದ್ವೆಗೆ ಹೋಗ್ತಿಲ್ಲ ಭಾವ’ ಎಂದೆ.

ಪರದೆಯ ಆಚೆಯಿಂದ ಸಿಸ್ಟರ್ ಕಿಸಕ್ಕನೆ ನಕ್ಕುಬಿಟ್ಟರು. ಭಾವನ ಬಿಗಿದ ಮುಖವೂ ಸ್ವಲ್ಪ ಸಡಿಲವಾಯಿತು. ಸಿಸ್ಟರ್ ಒಳಗೆ ಬಂದು ಸ್ಪಿರಿಟ್ ಒರೆಸಿದರು. ‘ಉರೀತೇನ್ರೀ ಅಣ್ಣಾರ?’

ಭಾವ ಛಾವಣಿ ನೋಡುತ್ತಾ, ಬೇಕೋ ಬೇಡವೋ ಅನ್ನುವ ಹಾಗೆ ಹೇಳಿದರು. ‘ಇಲ್ಲ.’

ಆಪರೇಷನ್ ಆಯಿತು. ಅಲ್ಲಿಂದ ಐದು ದಿನ ನನಗೆ ಕೆಲಸದ ಮೇಲೆ ಗಮನವಿರಲಿಲ್ಲ. ಒಬ್ಬರ ಕೃದಾ ಹೆಚ್ಚುಕಮ್ಮಿ ಮಾಡಿ ಬೈಸಿಕೊಂಡೆ. ಸಕ್ಕರೆಯ ಮೈ. ಎಲ್ಲ ಮಾಡಿಯೂ ಕೀವಾದರೆ? ಆಗ ಭಾವ ಹೇಳುವ ಮಾತು ನನಗೆ ಮೊದಲೇ ಕೇಳಿಸುತ್ತಿತ್ತು. ಅದಕ್ಕಿಂತ ಅಕ್ಕ ಏನೂ ಹೇಳದೆ ನಿಲ್ಲುವುದು ಕಣ್ಣಿಗೆ ಕಟ್ಟುತ್ತಿತ್ತು. ನರ್ಸಿಂಗ್ ಹೋಮಿಗೆ ಹೋದಾಗಲೆಲ್ಲ ನೆಂಟರ ಗುಂಪನ್ನು ಬಾಗಿಲಲ್ಲೇ ತಡೆದೆ. ಹಣ್ಣು ತಂದವರಿಗೆ, ‘ಕೈ ತೊಳ್ಕೊಂಡ್ ಬನ್ನಿ ಅಂಕಲ್, ಹಾಸಿಗೆ ಮೇಲೆ ಕೂರ್ಬೇಡಿ’ ಎಂದು ಹೇಳಿ ಕೆಟ್ಟವನಾದೆ. ಅಕ್ಕ ಮಾತ್ರ ಪ್ರತಿ ಸಲವೂ ಹೆಬ್ಬೆರಳು ತಿರುಗಿಸಿ ತಿರುಗಿಸಿ ತೊಳೆಯುತ್ತಿದ್ದಳು. ಯಾರು ಹೇಳಿಕೊಟ್ಟರೆಂದು ನಾನು ಕೇಳಲಿಲ್ಲ.

ಐದನೇ ದಿನ ಶನಿವಾರ. ಸಿಸ್ಟರ್ ವಾರ್ಡಿನಲ್ಲಿ ಎಲ್ಲರಿಗಿಂತ ಮೊದಲು ಭಾವನ ಹಾಸಿಗೆಗೆ ಟ್ರೇ ತಂದರು. ಒಣಗಿದ ಗಾಯ ಮೊದಲು, ಕೀವಿನದು ಕೊನೆಗೆ ಅನ್ನುವ ಅವರ ವರಸೆ ನನಗೆ ಗೊತ್ತಿತ್ತು, ಆದರೂ ನಂಬಲು ಧೈರ್ಯವಿರಲಿಲ್ಲ. ಪ್ಲಾಸ್ಟರನ್ನು ನಿಧಾನವಾಗಿ ಬಿಡಿಸಿದರು. ಹತ್ತಿ ಮತ್ತು ಬ್ಯಾಂಡೇಜ್ ಬಟ್ಟೆ ಒಟ್ಟಿಗೆ ಎದ್ದುಬಂದವು. ಒಂದು ಎಳೆಯೂ ಅಂಟಿರಲಿಲ್ಲ. ಹತ್ತಿ ಬೆಳ್ಳಗಿತ್ತು, ಗಾಯ ಒಣಗಿತ್ತು. ಹೊಲಿಗೆಯ ಗೆರೆ ತೆಳ್ಳಗೆ, ಸುತ್ತ ಕೆಂಪಿಲ್ಲ, ಊತವಿಲ್ಲ.

ಸಿಸ್ಟರ್ ಆ ಹತ್ತಿಯನ್ನು ಭಾವನ ಕಣ್ಣ ಮುಂದೆ ಹಿಡಿದರು. ‘ನೋಡ್ರಿ ಅಣ್ಣಾರ, ನಿಮ್ಮ ಹತ್ತಿ ಪರೀಕ್ಷೆ. ಪಾಸೋ ಫೇಲೋ?’

ಭಾವ ಕತ್ತೆತ್ತಿ ಹತ್ತಿಯನ್ನು ನೋಡಿದರು, ಆಮೇಲೆ ನನ್ನನ್ನು. ಐದು ದಿನದ ಮೇಲೆ ಮೊದಲ ಮಾತು: ‘ಗಡ್ಡ ಬೆಳೆದಿದೆ. ಮುಖಕ್ಕಾದ್ರೂ ಕತ್ತಿ ಹಿಡೀತೀಯೋ, ಅದಕ್ಕೂ ಮಷೀನೋ?’

ಕಾರಿಡಾರಿಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, ‘ಕಾಫಿ ಕುಡಿದ್ಯಾ?’ ಅಂದಳು.

ಆ ಮೇಲೆ ಅಲ್ಲಿ ಗಾಯ ಕೆಡಲೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆಗೊಂದು ಈಗೊಂದು ಆಯಿತು. ಆದರೆ ಒಂದರ ಹಿಂದೆ ಒಂದು ಮೂರು ಆದದ್ದು ಮತ್ತೆ ನಾನು ಕಾಣಲಿಲ್ಲ. ಇನ್ನೂ ಏಳು ವರ್ಷ ನಾನು ಅಲ್ಲಿಗೆ ಹೋದೆ, ಬೆಳಿಗ್ಗೆ ಆರಕ್ಕೆ, ಮಷೀನು ಹಿಡಿದು. ಸಿಸ್ಟರ್ ಗಂಡನಿಗೆ ಮತ್ತೆ ವರ್ಗವಾಗಿ ಊರ ಕಡೆ ಹೋದರು. ಹೋಗುವ ದಿನ ಬಳೆ ತೊಟ್ಟುಕೊಂಡು ಬಂದಿದ್ದರು, ಕೈ ಆಡಿಸಿದಾಗೆಲ್ಲ ಸದ್ದಾಗುತ್ತಿತ್ತು. ‘ಹೆಬ್ಬೆರಳು ಮರೀಬ್ಯಾಡೋ ತಮ್ಮಾ’ ಅಂದರು.

ಭಾವ ಮೂರು ತಿಂಗಳಿಗೆ ಮತ್ತೆ ಸೆಲೂನಿನಲ್ಲಿ ನಿಂತರು. ಪಟಿಕ ಬಿಡಲು ಮಾತ್ರ ಒಪ್ಪಲಿಲ್ಲ. ‘ಅದಿಲ್ದೆ ಶೇವಿಂಗ್ ಹೆಂಗೋ ಮುಗಿಯುತ್ತೆ?’ ಎಂದು ವಾರವೆಲ್ಲ ಗೊಣಗಿ, ಒಂದು ದಿನ ತಾವೇ ಕುಟ್ಟಾಣಿಯಲ್ಲಿ ಕಲ್ಲನ್ನು ಕುಟ್ಟಿ ಪುಡಿ ಮಾಡಿ ಡಬ್ಬಿಗೆ ತುಂಬಿದರು. ಒಬ್ಬೊಬ್ಬರಿಗೆ ಒಂದೊಂದು ಚಿಟಿಕೆ, ಹೊಸ ಹತ್ತಿಯಲ್ಲಿ ನೀರಿಗೆ ಅದ್ದಿ ಹಚ್ಚುವುದು, ಹತ್ತಿಯನ್ನು ಬಿಸಾಡುವುದು. ಇದು ತಮ್ಮದೇ ಐಡಿಯಾ ಎಂದು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಹೌದು, ಅವರದೇ.

೨೦೦೩ರಲ್ಲಿ ನಾನು ಜೆ.ಪಿ. ನಗರದಲ್ಲಿ ಸ್ವಂತ ಸೆಲೂನು ಹಾಕಿದೆ. ಗಿರಾಕಿ ಕೂರುವ ಮುಂಚೆ ಅವರ ಎದುರಿಗೇ ಕೈ ತೊಳೆಯುತ್ತೇನೆ. ಉರಿಯುತ್ತಿಲ್ಲವಲ್ಲ ಎಂದು ಹಳಬರು ಕೆಲವರು ತಕರಾರು ತೆಗೆಯುತ್ತಾರೆ. ಉರಿ ಬೇಕಾದರೆ ಮೆಣಸಿನಕಾಯಿ ಬಜ್ಜಿ ತಿನ್ನಿ ಸಾರ್, ಮುಖ ಯಾಕೆ ಅನ್ನುತ್ತೇನೆ. ನಗುತ್ತಾರೆ, ಮುಂದಿನ ವಾರ ಮತ್ತೆ ಬರುತ್ತಾರೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಮೂರು ಕುರ್ಚಿ, ಮೂರು ಕನ್ನಡಿ, ನಾಲ್ಕು ಕತ್ತರಿ, ಐದು ಮಷೀನು, ಅರವತ್ತು ಟವೆಲ್ಲು, ಕುದಿಸುವ ಪಾತ್ರೆ ಒಂದು, ಕೈ ತೊಳೆಯುವ ಬೇಸಿನ್ನು ಎರಡು. ಅಕ್ಕ ಒಬ್ಬಳು. ಭಾವ ಒಬ್ಬರು, ಭಾನುವಾರ ಬಂದು ಮೊದಲನೇ ಕುರ್ಚಿಯಲ್ಲಿ ಕೂರುತ್ತಾರೆ.